ನಲ್ಲಿ ಸೋರದ ಮನೆ

ದೊಡ್ಡಬಳ್ಳಾಪುರದಲ್ಲಿ ಒಂದೇ ಒಂದು ನಲ್ಲಿಯೂ ಸೋರದ ಮನೆ ಯಾವುದಾದರೂ ಇದ್ದರೆ, ಮೊನ್ನೆಮೊನ್ನೆಯವರೆಗೂ ಅದು ನಮ್ಮದೇ ಆಗಿತ್ತು. ನಮ್ಮಲ್ಲಿ ಬಾಗಿಲು ಕಿರುಗುಟ್ಟುವುದಿಲ್ಲ, ಫ್ಯಾನು ಗೊಣಗುವುದಿಲ್ಲ. ನಾನು ಬ್ಲೌಸ್ ಹೊಲಿಯುವ ಮೆಷಿನ್ನಂತೂ ಎಣ್ಣೆ ಕುಡಿದು ಕುಡಿದು ಮದುಮಗಳ ಹಾಗೆ ಹೊಳೆಯುತ್ತದೆ. ಇಷ್ಟಕ್ಕೆಲ್ಲ ಕಾರಣ ನಮ್ಮ ಯಜಮಾನರು. ಬೇರೆಯವರಿಗೆ ದುಃಖವಾದರೆ ಕಣ್ಣಿಗೆ ನೀರು ಬರುತ್ತದೆ, ಇವರಿಗೆ ಕೈಗೆ ಸ್ಪ್ಯಾನರ್ ಬರುತ್ತದೆ.

ಅವರ ಹೆಸರು ಬರೆಯುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ಮಡಿಯೇನೂ ನನಗಿಲ್ಲ. ಸಿಟ್ಟು ಬಂದಾಗ ಬೀದಿಗೆಲ್ಲ ಕೇಳುವಂತೆ ಹೇಳಿದ್ದೇನೆ. ಆದರೆ ಬಾಶೆಟ್ಟಿಹಳ್ಳಿಯಲ್ಲಿ ಅವರು ದುಡಿಯುವ ಫ್ಯಾಕ್ಟರಿಯಲ್ಲಿ ಮೆಷಿನ್ ನಿಂತಾಗ ಕೂತು ಓದುವವರು ಬಹಳ. ಅವರ ಮಾನ ಕಾಪಾಡುವುದು ನನ್ನ ಕೆಲಸವಲ್ಲ, ಆದರೂ ಕಾಪಾಡುತ್ತೇನೆ.

ನೆಂಟರಿಷ್ಟರಲ್ಲಿ ಯಾರೇ ಸತ್ತರೂ ಮೊದಲು ಫೋನ್ ಬರುವುದು ಇವರಿಗೆ. ಐಸ್ ಬಾಕ್ಸ್ ತರಿಸಬೇಕೆ, ಶಾಮಿಯಾನ ಹಾಕಿಸಬೇಕೆ, ಗುಂಡಿ ತೋಡುವವರನ್ನು ಕರೆತರಬೇಕೆ, ಎಲ್ಲಕ್ಕೂ ಇವರೇ ಮುಂದೆ. ಹೆಂಗಸರೆಲ್ಲ 'ಎಂಥಾ ಉಪಕಾರಿ ಗಂಡ ಕಣೇ ನಿಂದು' ಎಂದು ನನ್ನ ಮುಂದೆ ಹೊಗಳುತ್ತಾರೆ. ಇವರ ಸ್ವಂತ ಅಪ್ಪ ಹೋದಾಗಲೂ ಹೀಗೇ ಓಡಾಡಿದರು. ಮೂರನೇ ದಿನ ಸಮಾಧಿಗೆ ಹಾಲು-ತುಪ್ಪ ಬಿಡಲು ಎಲ್ಲರೂ ಹೊಲದಲ್ಲಿ ಸೇರಿದ್ದರು. ಹಿರೀ ಮಗನೇ ಕಾಣಿಸಲಿಲ್ಲ. ಹುಡುಕಿಕೊಂಡು ಹೋದರೆ ಶಾಮಿಯಾನದವನ ಜೊತೆ ಜಗಳ ಆಡುತ್ತಿದ್ದರು.

"ಬನ್ರೀ, ಎಲ್ಲಾ ಕಾಯ್ತಾವ್ರೆ," ಎಂದೆ.

"ಒಂದು ಕುರ್ಚಿ ಕಮ್ಮಿ ಐತೆ. ಲೆಕ್ಕ ಸಿಗ್ಲಿ, ಬರ್ತೀನಿ," ಎಂದರು.

ಹಾಲು-ತುಪ್ಪ ಬಿಟ್ಟದ್ದು ಕಿರಿಯ ಮೈದುನ. ಆ ಕುರ್ಚಿ ಎಲ್ಲಿತ್ತು ಅಂತೀರಿ? ಇವರೇ ಅದರ ಮೇಲೆ ಕಾಲಿಟ್ಟುಕೊಂಡು ಎಣಿಸುತ್ತಿದ್ದರು.

ಇದೆಲ್ಲ ಹೇಳಿಕೊಂಡು ನಾನೂ ನಗುತ್ತಿದ್ದೆ. ಆರು ವರ್ಷದ ಹಿಂದೆ ಆ ನಗು ನಿಂತಿತು. ನನಗೆ ತುಂಬು ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು, ಉಸಿರಿಲ್ಲದೆ. ನನಗೆ ಎಚ್ಚರವಾಗುವ ಹೊತ್ತಿಗೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಾಗಿತ್ತು. 'ನೋಡಿದ್ರೆ ಮರೆಯಕ್ಕಾಗಲ್ಲ ಕಣವ್ವ' ಎಂದರು ದೊಡ್ಡವರು. ನೋಡದೆಯೂ ಮರೆಯಲಾಗುವುದಿಲ್ಲ ಎಂಬುದನ್ನು ಅವರಿಗೆ ಯಾರು ಹೇಳಬೇಕಿತ್ತೋ ಕಾಣೆ. ಘಾಟಿ ರಸ್ತೆಯಲ್ಲಿರುವ ನಮ್ಮ ಹೊಲದ ಬದುವಿನಲ್ಲಿ, ಹೊಂಗೆ ಮರದ ಬುಡಕ್ಕೆ ಮಲಗಿಸಿ ಬಂದರು. ಅಂಥ ಮಗುವಿಗೆ ನಮ್ಮಲ್ಲಿ ತಿಥಿಯಿಲ್ಲ, ಹಾಲು-ತುಪ್ಪವಿಲ್ಲ, ಶಾಮಿಯಾನವೂ ಇಲ್ಲ. ಯಜಮಾನರಿಗೆ ಮಾಡಲು ಕೆಲಸವೇ ಇಲ್ಲದ ಸಾವು ಅದೊಂದೇ. ಮೂರನೇ ದಿನಕ್ಕೆ ಶಿಫ್ಟಿಗೆ ಹೋದರು.

ನಮ್ಮವರಲ್ಲಿ ಮಗುವಿನ ಮುಖ ನೋಡಿದವರು ಇವರೊಬ್ಬರೇ. ಜೊತೆಗೆ ಹೋಗಿದ್ದ ದೊಡ್ಡಪ್ಪನಿಗೆ ಕಣ್ಣು ಮಂಜು. 'ಹೆಂಗಿತ್ತು ರೀ ಮಗು?' ಎಂದು ನಾನು ಕೇಳುತ್ತೇನೆ. ಕೇಳಿದಾಗಲೆಲ್ಲ ಏನೋ ಒಂದು ರಿಪೇರಿಯಾಗುತ್ತದೆ. ಮೊದಲ ಸಲ ಅಡುಗೆಮನೆಯ ನಲ್ಲಿಗೆ ಹೊಸ ವಾಷರ್ ಬಂತು. ಎರಡನೇ ಸಲ ನೀರಿನ ಮೋಟಾರು ಬಿಚ್ಚಿದರು. ಇನ್ನೊಮ್ಮೆ ಏನೂ ಕೆಟ್ಟಿರದೆ, ಪಕ್ಕದ ಮನೆಯ ಮಿಕ್ಸಿ ಕೇಳಿ ತಂದರು. ಆರು ವರ್ಷ ಹೀಗೆ ನಡೆಯಿತು. ನಾನು ಉತ್ತರಕ್ಕೆ ಕಾದೆ, ಮನೆ ಹೊಸದರಂತಾಯಿತು.

ಕೊನೆಗೆ ಬ್ಲೌಸ್ ಹೊಲಿಸಲು ಬರುವ ಒಬ್ಬ ಟೀಚರಮ್ಮ, ಊರಿನ ಒಂದು ಕ್ಲಿನಿಕ್ಕಿಗೆ ವಾರಕ್ಕೊಮ್ಮೆ ಕೌನ್ಸೆಲರ್ ಬರುತ್ತಾರೆಂದು ಹೇಳಿದರು.

"ನಂಗೇನ್ ಹುಚ್ಚಾ?" ಎಂದರು ಇವರು.

"ನಿಮಗಲ್ಲ, ನಂಗೆ ಹಿಡಿಯೋ ಹಂಗಾಗೈತೆ. ಹೋಗ್ಬನ್ನಿ. ಇಲ್ಲಾ ಅಂದ್ರೆ ನಾನು ಅಮ್ಮನ ಮನೆಗೆ ಹೋಗ್ತೀನಿ, ಈ ಸಲ ವಾಪಸ್ ಬರಲ್ಲ."

ತಮಾಷೆಗೆ ಹೇಳಿದ ಮಾತಲ್ಲ ಅದು. ಬ್ಯಾಗು ತುಂಬಿಟ್ಟಿದ್ದೆ. ಅದರ ಕಿತ್ತುಹೋದ ಜಿಪ್ಪನ್ನೂ ಇವರೇ ಸರಿ ಮಾಡಿಕೊಟ್ಟರು!

ಮೊದಲ ವಾರ ಸುಮ್ಮನೆ ಹೋಗಿಬಂದರು. 'ಆಯ್ತು' ಎಂದರು. ನನಗೂ ಸಮಾಧಾನವಾಯಿತು. ಎರಡು ದಿನ ಬಿಟ್ಟು ಇವರ ಜೊತೆ ಕೆಲಸ ಮಾಡುವ ಸಾದಿಕ್ ಮನೆಗೆ ಬಂದ, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು.

"ಭಾಬಿ, ಆ ಮೇಡಂ ತುಂಬಾ ಒಳ್ಳೇವ್ರು. ನಮ್ ಅಬ್ಬಾ ತೀರ್ಕೊಂಡ್ಮೇಲೆ ನಾನು ಅತ್ತೇ ಇರ್ಲಿಲ್ಲ. ಅವತ್ತು ಒಂದ್ ಗಂಟೆ ಅತ್ತುಬಿಟ್ಟೆ. ಈಗ ಚೆನ್ನಾಗಿ ನಿದ್ದೆ ಬರ್ತೈತೆ."

"ನೀನ್ಯಾಕಪ್ಪಾ ಹೋಗಿದ್ದೆ ಅಲ್ಲಿಗೆ?"

ಸಾದಿಕ್ ನನ್ನ ಮುಖ ನೋಡಿದ, ಬಾಳೆಹಣ್ಣು ನೋಡಿದ. "ಅಣ್ಣ ನಿಮಗೆ ಹೇಳಿಲ್ವಾ? 'ನನ್ ಬದ್ಲು ನೀನು ಹೋಗ್ಬಿಡು, ಭಾನುವಾರ ನಿನ್ ಶಿಫ್ಟ್ ನಾನ್ ಮಾಡ್ತೀನಿ' ಅಂದ್ರು. ಹೆಸರು ಕೂಗಿದ್ರು, ಎದ್ದು ಹೋದೆ."

ಫ್ಯಾಕ್ಟರಿಯವರ ಬುದ್ಧಿ ನೋಡಿ. ಒಬ್ಬರ ಶಿಫ್ಟನ್ನು ಇನ್ನೊಬ್ಬರು ಮಾಡಿದರೆ ಮೆಷಿನ್ನು ಕೇಳುತ್ತದೆಯೇ? ಹಾಗೆಯೇ ಒಬ್ಬರ ಅಳುವನ್ನು ಇನ್ನೊಬ್ಬರು ಅತ್ತು ಬಂದರಾಯಿತು ಎಂದುಕೊಂಡಿದ್ದರು. ರೇಗಿ ಕೇಳಿದ್ದಕ್ಕೆ, "ಅಪಾಯಿಂಟ್‌ಮೆಂಟ್ ವೇಸ್ಟ್ ಆಗ್ಲಿಲ್ವಲ್ಲ," ಎಂದರು. ಮೇಡಂ ಹತ್ತಿರ ಹೋಗಿ ನಾನೇ ತಪ್ಪೊಪ್ಪಿಕೊಂಡೆ. ಅವರು ಬರೆದಿಟ್ಟುಕೊಂಡ ಪ್ರಕಾರ ನಮ್ಮ ಯಜಮಾನರು ಆಗಲೇ ಅರ್ಧ ಗುಣವಾಗಿದ್ದರು.

"ಇಬ್ರೂ ಒಟ್ಟಿಗೆ ಬರ್ತೀವಿ ಮೇಡಂ, ನಾನೇ ಎಳ್ಕೊಂಡು ಬರ್ತೀನಿ," ಎಂದೆ.

"ಬೇಡಮ್ಮ, ಸದ್ಯಕ್ಕೆ ಅವರೊಬ್ರೇ ಬರಲಿ. ನೀವು ಪಕ್ಕದಲ್ಲಿದ್ರೆ ನಿಮ್ಮನ್ನ ಸಮಾಧಾನ ಮಾಡೋ ಕೆಲಸ ಹಿಡೀತಾರೆ."

ನನ್ನನ್ನು ಸಮಾಧಾನ ಮಾಡುವ ಕೆಲಸವನ್ನು ಅವರು ಹಿಡಿದದ್ದು ನನಗಂತೂ ನೆನಪಿಲ್ಲ. ಆದರೂ ಒಪ್ಪಿದೆ. ಅಂದಿನಿಂದ ಪ್ರತಿ ವಾರ ಅವರನ್ನು ಬಾಗಿಲವರೆಗೆ ಬಿಟ್ಟು, ಹೊರಗೆ ಬೆಂಚಿನ ಮೇಲೆ ಕಾವಲು ಕೂತೆ. ಮೊದಲ ದಿನ ಹೊರಬಂದವರ ಮುಖದಲ್ಲಿ ಕಳೆಯಿತ್ತು. ನಾನು ಬೆಂಚಿನಿಂದ ಎದ್ದೆ.

"ಏನ್ ಮಾತಾಡಿದ್ರಿ?"

"ಮೇಡಂ ಕುರ್ಚೀದು ಒಂದು ಕಾಲು ಅಲ್ಲಾಡ್ತಿತ್ತು. ಬಿಗಿ ಮಾಡ್ಕೊಟ್ಟೆ."

ಮುಂದಿನ ಸಲ ಮೇಡಂ ಅವರಿಗೆ ಮನೆಪಾಠ ಕೊಟ್ಟರು. ದಿನಕ್ಕೆ ಹತ್ತು ನಿಮಿಷ ಏನೂ ಮಾಡದೆ ಕೂರಬೇಕು, ಮನಸ್ಸಿಗೆ ಏನು ಬರುತ್ತದೋ ಬರಲಿ ಎಂದು ಬಿಡಬೇಕು. ಅವರೆಕಾಯಿಯ ಕಾಲ ಅದು. ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಹತ್ತು ನಿಮಿಷ ಕಳೆದು ನೋಡಿದರೆ ಮುಂದೆ ಒಂದು ಬೇಸಿನ್ ಹಿತುಕಿದ ಕಾಳು.

"ಸುಮ್ನೆ ಕೂತ್ಕೊಳ್ಳಿ ಅಂದಿದ್ರು."

"ಸುಮ್ನೇ ಕೂತಿದ್ನಲ್ಲ. ಕೈ ಮಾತ್ರ ಆಡ್ತಿತ್ತು."

ಆ ಹದಿನೈದು ದಿನ ಬೀದಿಯವರೆಲ್ಲ ನಮ್ಮ ಮನೆಯ ಹಿತುಕಿದ ಬೇಳೆ ಸಾರು ಉಂಡರು.

ಆರನೆಯ ವಾರ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು, ಕೈ ಖಾಲಿ ಜೋತುಬಿದ್ದಿತ್ತು. ನನಗೆ ಗೊತ್ತಾಗಿಹೋಯಿತು. ಸಂತೋಷಪಡಬೇಕಿತ್ತು, ಅಲ್ಲವೇ? ಮೈಯೆಲ್ಲ ಉರಿಯಿತು. ನಾನು ಒಂಬತ್ತು ತಿಂಗಳು ಹೊತ್ತ ಮಗುವಿನ ಮುಖ, ಪರಿಚಯವಾಗಿ ಎರಡು ತಿಂಗಳೂ ಆಗದ ಹೆಂಗಸಿಗೆ ನನಗಿಂತ ಮೊದಲು ತಿಳಿದಿತ್ತು. ಆ ಮೇಡಂ ಒಳ್ಳೆಯವರೇ. ಆದರೂ ಅವತ್ತು ಅವರನ್ನು ಕಂಡರೆ ನನಗಾಗಲಿಲ್ಲ.

"ಅವರಿಗೆ ಹೇಳಿದ್ರಿ," ಎಂದೆ, ಬೈಕಿನ ಹಿಂದೆ ಕೂತು.

"ಹೂಂ."

"ನಂಗೆ?"

ಬೈಕು ಪಂಕ್ಚರ್ ಅಂಗಡಿಯ ಮುಂದೆ ನಿಂತಿತು. ಇಳಿದು ಗಾಳಿ ಚೆಕ್ ಮಾಡಿಸಿದರು. ಎರಡು ಗಾಲಿಯಲ್ಲೂ ಸರಿಯಾಗೇ ಇತ್ತು.

ಅದಾದ ಭಾನುವಾರ ಮಧ್ಯಾಹ್ನ ನಾನು ಗುಂಡಿ ಹೊಲಿಯುತ್ತಿದ್ದೆ. ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕತೊಡಗಿತು.

"ಹೋಗಿ, ನಿಮಗೆ ಕೆಲಸ ಬಂತು," ಎಂದೆ. ಚುಚ್ಚಬೇಕೆಂದೇ ಅಂದದ್ದು.

ಎದ್ದರು. ಸ್ಪ್ಯಾನರ್ ತಂದರು. ಬಚ್ಚಲ ಬಾಗಿಲವರೆಗೆ ಹೋಗಿ ನಿಂತರು. ಆಮೇಲೆ ವಾಪಸ್ ಬಂದು ಸ್ಪ್ಯಾನರನ್ನು ನನ್ನ ಮೆಷಿನ್ನಿನ ಮೇಲಿಟ್ಟು, ಎದುರಿಗೆ ನೆಲದ ಮೇಲೆ ಕೂತರು. ಮಡಿಲಲ್ಲಿ ಎರಡೂ ಕೈ ಖಾಲಿ. ಎಷ್ಟು ಹೊತ್ತು ಹಾಗೆ ಕೂತರೋ, ನಾನು ಸೂಜಿ ಹಿಡಿದುಕೊಂಡೇ ಇದ್ದೆ.

"ಕೂದ್ಲು ತುಂಬಾ ಇತ್ತು," ಎಂದರು. "ನಿನ್ ಥರ ಗುಂಗುರು."

ನಾನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟೆ.

"ಎಡಗೈ ಮುಷ್ಟಿ ಕಟ್ಕೊಂಡಿತ್ತು. ಬಿಡಿಸಿ ನೋಡ್ದೆ, ಬೆರಳು ಐದೂ ಇದ್ವು. ಉಗುರೂ ಬಂದಿತ್ತು. ಬಟ್ಟೆ ಬಿಚ್ಚಿ ಕಾಲು, ಬೆನ್ನು, ಕಿವಿ ಎಲ್ಲಾ ನೋಡ್ದೆ. ಎಲ್ಲೂ ಏನೂ ಕೆಟ್ಟಿರ್ಲಿಲ್ಲ ಕಣೇ. ಎಲ್ಲಾ ಸರಿಯಾಗೇ ಇತ್ತು. ಏನ್ ಮಾಡ್ಬೇಕಿತ್ತು ನಾನು?"

ಆಮೇಲೆ ಅತ್ತರು. ಅಳುವುದು ಅಭ್ಯಾಸವಿಲ್ಲದವರು, ಸದ್ದೆಲ್ಲ ಒರಟೊರಟಾಗಿ ಬಂತು. ನಾನು ಕೆಳಗಿಳಿದು ಪಕ್ಕದಲ್ಲಿ ಕೂತೆ. ಆರು ವರ್ಷದ ನನ್ನ ಸಿಟ್ಟು ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಗುಂಗುರು ಕೂದಲಿನ ನನ್ನ ಮಗಳನ್ನು ನಾನು ಅವತ್ತು ನೋಡಿದೆ.

ಬಚ್ಚಲ ನಲ್ಲಿ ಈಗಲೂ ಸೋರುತ್ತಿದೆ. ಕೆಳಗೆ ಒಂದು ಬಕೆಟ್ ಇಟ್ಟಿದ್ದೇವೆ.