ಮಣೆಯೂ ಸೇರಿ ಮೊಮ್ಮಗಳ ಎತ್ತರ

ನನ್ನ ಹಳೆಯ ಡೈರಿಯಲ್ಲಿ ಯುಗಾದಿ ಮರುದಿನದ ಪುಟ: "ಮೊಮ್ಮಗಳ ಎತ್ತರ ಭೇಷ್. ಚಿಂತೆಯಿಲ್ಲ." ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಬಿ.ಎ. ಬರೆದಿಟ್ಟುಕೊಳ್ಳುವವರ ಮನೆಯಲ್ಲೇ ಇಂಥವು ನಡೆಯುತ್ತಿರುತ್ತವೆ. ಬರೆಯದವರು ಮರೆತು ಪಾರಾಗುತ್ತಾರೆ.

೧. ಅಳತೆ

ಮೂರು ವರ್ಷ ತುಂಬಿದ ದಿನ ಕೂಸನ್ನು ಮಣೆಯ ಮೇಲೆ ಕೂರಿಸಿ ಆರತಿ ಮಾಡಿದೆವು. ಅದು ಮಣೆಯ ಮೇಲೆಯೇ ಎದ್ದು ನಿಂತಿತು. ನಾನು ಬಾಗಿಲ ಚೌಕಟ್ಟಿಗೆ ಗೆರೆ ಎಳೆದೆ. ಅಳತೆ ಪ್ರತಿಸಲ ಒಂದೇ ರೀತಿ ಇರಬೇಕೆಂದು ಕಾಲೇಜಿನಲ್ಲಿ ಕಲಿತವಳು ನಾನು. ಪ್ರತಿ ತಿಂಗಳೂ ಅದೇ ಬಾಗಿಲು, ಅದೇ ಟೇಪು, ಅದೇ ಮಣೆ.

ಲಿಂಗಸುಗೂರಿನಿಂದ ಬಂದ ಸೊಸೆ, "ಅತ್ತಿ, ಕೂಸು ಗಿಡ್ಡ ಕಾಣಾಕತ್ತೈತ್ರಿ" ಅಂದಾಗಲೆಲ್ಲ ಡೈರಿ ತೋರಿಸುತ್ತಿದ್ದೆ.

"ಓದಾಕ ಬರತೈತಿಲ್ಲೋ ನಿನಗ?"

"ಬರತೈತ್ರಿ. ಡೈರಿ ಬೆಳದೈತಿ. ಕೂಸಿಗೆ ಹೋದ ವರ್ಷದ ಲಂಗಾನೇ ಉದ್ದ ಐತಿ."

೨. ಟೀಚರ್ ಮುಂದೆ

ನನ್ನನ್ನು ಕೇಳದೆ ಸೊಸೆ ಕೂಸನ್ನು ಅಂಗನವಾಡಿಗೆ ಒಯ್ದಳು. ಅಲ್ಲಿ ಮೂರು ಬೆರಳು ಕಡಿಮೆ ಬಂತು. ಡೈರಿ ಹಿಡಿದು ಹೋದೆ.

"ನಿಮ್ಮ ಅಳತಿಪಟ್ಟಿ ತಪ್ಪೈತಿ."

"ಇರಬಹುದ್ರಿ ಅಮ್ಮಾರ. ಮನ್ಯಾಗ ಹೆಂಗ ಅಳೀತೀರಿ, ತೋರಸ್ರಿ," ಅಂದಳು ಟೀಚರ್.

ಮನೆಗೆ ಕರೆತಂದೆ. ಮಣೆ ಹಾಕಿ, ಕೂಸನ್ನು ಹತ್ತಿಸಿ, ಹೆಮ್ಮೆಯಿಂದ ಗೆರೆ ತೋರಿಸಿದೆ. ಟೀಚರ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸೊಸೆ ಮೆಲ್ಲಗೆ, "ಅತ್ತಿ, ಮಣಿಗೇನೂ ಕಡಿಮಿ ಇಲ್ರಿ. ಕೂಸಿಗೆ ಐತಿ," ಅಂದಳು.

೩. ಮೊದಲ ಪಂಕ್ತಿ

ಟೀಚರ್ ಆಮೇಲೆ ಕೇಳಿದ್ದು ಒಂದೇ: "ಮನ್ಯಾಗ ಮೊದಲ ಯಾರು ಉಣ್ತಾರ್ರಿ?"

ಮೊದಲು ಗಂಡಸರು, ಆಮೇಲೆ ನಾನು. ಅಷ್ಟರಲ್ಲಿ ಕೂಸು ಅರೆಹೊಟ್ಟೆಯಲ್ಲಿ ಮಲಗಿರುತ್ತಿತ್ತು. ಐದು ತಿಂಗಳ ಬಸುರಿ ಸೊಸೆಗೆ ಉಳಿದದ್ದು. ಇದನ್ನು ಮಾತ್ರ ನಾನು ಯಾವ ಪುಟದಲ್ಲೂ ಬರೆದಿರಲಿಲ್ಲ.

ಮರುದಿನ ಸೊಸೆ ಕೂಸಿನ ಜೊತೆ ತಾನೇ ಮೊದಲು ಊಟಕ್ಕೆ ಕುಳಿತಳು. ರೊಟ್ಟಿ, ಬೇಳೆ, ಇಬ್ಬರಿಗೂ ಮೊಟ್ಟೆ. ನಾನು ಸೌಟು ಹಿಡಿದು ನಿಂತೇಬಿಟ್ಟೆ. ಮೂವತ್ತು ವರ್ಷ ಈ ಮನೆಯಲ್ಲಿ ನಿಂತು ನನಗೆ ಆಗದ್ದನ್ನು ಅವಳು ಕೂತು ಮಾಡಿದ್ದಳು.

ಯಜಮಾನರು ಗದ್ದೆಯಿಂದ ಬಂದರು. "ನನ್ನ ತಾಟು ಎಲ್ಲೈತಿ?"

"ಮಾವಾರ, ಇದು ಬೆಳಿಯೋರ ಪಂಕ್ತಿರೀ," ಅಂದಳು ಸೊಸೆ.

"ಮತ್ತ ನಾನು?"

ಕೂಸು ಅವರನ್ನು ಕಾಲಿಂದ ತಲೆಯವರೆಗೆ ನೋಡಿತು. "ತಾತಾ, ನೀ ಇನ್ನಾ ಬೆಳಿಯಾಕತ್ತೀಯೇನು?"

ಅವರು ನೆತ್ತಿ ಮುಟ್ಟಿ ನೋಡಿಕೊಂಡು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತರು.

ಮುಂದಿನ ಯುಗಾದಿಗೆ ಕೂಸು ಬರಿನೆಲದ ಮೇಲೆ ನಿಂತು ಟೀಚರ್ ಚಾರ್ಟಿನಲ್ಲಿ ಸರಿಯಾದ ಬೆಳವಣಿಗೆಯ ಹಸಿರು ಪಟ್ಟಿ ಮುಟ್ಟಿತು. ಇದಕ್ಕೆಲ್ಲ ಕೊನೆಗೆ ಆದ ಖರ್ಚು: ಯಜಮಾನರ ಮೊದಲ ಪಂಕ್ತಿ, ನನ್ನ ಡೈರಿಯ ಹನ್ನೊಂದು ಪುಟ, ಒಂದು ಮಣೆ. ಮಣೆ ಈಗ ಸೊಸೆಯ ಕೋಳಿಗೂಡಿನ ಬಾಗಿಲು.