ನಮ್ಮನೆಯವರಿಗೆ ಮೂರು ಚಕ್ರ

ನಮ್ಮ ಮನೆಯಲ್ಲಿ ಯಾವ ಸಾಮಾನೂ ಸುಮ್ಮನೆ ಒಳಗೆ ಬಂದದ್ದಿಲ್ಲ. ಒಂದು ಮಿಕ್ಸಿ ತರುವುದಕ್ಕೂ ನಾಲ್ಕು ಮನೆಯವರ ಅಭಿಪ್ರಾಯ, ಅತ್ತೆಯ ಒಪ್ಪಿಗೆ, ಕೊನೆಗೆ ಒಂದು ಸಣ್ಣ ಅವಮಾನ ಇದ್ದೇ ಇರುತ್ತದೆ. ಹಾಗಿರುವಾಗ ಗಂಡನಿಗೆ ಮೂರು ಚಕ್ರದ ಗಾಡಿ ಕೊಡಿಸಬೇಕೋ ಬೇಡವೋ ಎನ್ನುವ ಪ್ರಶ್ನೆ ನೆಟ್ಟಗೆ ಮುಗಿಯುತ್ತದೆ ಎಂದು ನಾನು ಅಂದುಕೊಂಡದ್ದೇ ತಪ್ಪು.

ಆಂಟೆನಾ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಆಗಿನ್ನೂ ಎಲ್ಲರ ಮನೆಗೂ ಕೇಬಲ್ ಬಂದಿರಲಿಲ್ಲ. ಭಾನುವಾರ ಸಂಜೆ ಟೀವಿಯಲ್ಲಿ ಸಿನಿಮಾ ಶುರುವಾಗುವ ಹೊತ್ತಿಗೆ ಚಿತ್ರ ಅಲುಗಾಡತೊಡಗುತ್ತಿತ್ತು. ನಮ್ಮನೆಯವರು ಮನೆಯ ಮಾಡು ಹತ್ತಿ ಆಂಟೆನಾ ತಿರುಗಿಸುವುದು, ನಾನು ಕಿಟಕಿಯಲ್ಲಿ ನಿಂತು ವರದಿ ಒಪ್ಪಿಸುವುದು, ಇದು ವಾರವಾರದ ಪದ್ಧತಿ. ಆ ದಿನ ನಾನು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಾ ಹೋದೆ. ಅವರೂ ಆಂಟೆನಾ ಹಿಡಿದುಕೊಂಡು ಇನ್ನೂ ಸ್ವಲ್ಪ ಜರುಗುತ್ತಾ ಹೋದರು. ಮಾಡು ಮುಗಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಧೊಪ್ಪೆಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ದಾಸವಾಳದ ಗಿಡದ ಪಕ್ಕ ಅಂಗಾತ ಬಿದ್ದಿದ್ದಾರೆ. ಅವರು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಈಗ ಬರ್ತಿದೆಯಾ?"

ನಿಜ ಹೇಳಬೇಕೆಂದರೆ, ಬರುತ್ತಿತ್ತು. ಅಷ್ಟು ಸ್ಪಷ್ಟವಾದ ಚಿತ್ರ ಆ ಟೀವಿಯಲ್ಲಿ ಅದಕ್ಕೂ ಮೊದಲು ನಾವು ನೋಡಿರಲಿಲ್ಲ.

ಚಪಾತಿಯ ದಪ್ಪ

ಎಡಗಾಲಿನ ಮಂಡಿ ಮುರಿದಿತ್ತು. ಆಸ್ಪತ್ರೆಯಲ್ಲಿ ಕೂಡಿಸಿದರು, ಆದರೆ ಅದು ಪೂರ್ತಿ ಮಡಚುವುದಿಲ್ಲ, ಭಾರ ಹಾಕಿದರೆ ನಿಲ್ಲುವುದೂ ಇಲ್ಲ. ನಮ್ಮನೆಯವರು ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಕೆಲಸದವರು. ಬೈಕಿನಲ್ಲಿ ಹೋಗಿಬರುತ್ತಿದ್ದರು. ಬೈಕಿಗೆ ಗೇರ್ ಹಾಕುವುದು ಎಡಗಾಲಲ್ಲಿ, ನಿಲ್ಲಿಸಿದಾಗ ಊರುವುದೂ ಎಡಗಾಲನ್ನೇ. ಬಸ್ಸಿನ ಮೆಟ್ಟಿಲು ಹತ್ತಲು ಎರಡು ಸಲ ನೋಡಿದರು. ಎರಡನೆಯ ಸಲ ಕಂಡಕ್ಟರ್ ಕಂಕುಳಿಗೆ ಕೈ ಹಾಕಿ ಎತ್ತಿ ಒಳಗಿಟ್ಟ ಮೇಲೆ ಬಸ್ಸಿನ ಸುದ್ದಿಯನ್ನೇ ಬಿಟ್ಟರು. ವರ್ಕ್‌ಶಾಪಿನ ಮಾಲೀಕರು ಒಳ್ಳೆಯವರು, ದೀಪಾವಳಿವರೆಗೆ ಜಾಗ ಹಾಗೇ ಇಟ್ಟಿರುತ್ತೇನೆ ಎಂದು ಹೇಳಿ ಕಳಿಸಿದರು. ದೀಪಾವಳಿ ಆದ ಮೇಲೆ ಏನು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮನೆಯಲ್ಲೇ ಕೂತ ಗಂಡಸಿಗೆ ಅಡುಗೆಮನೆ ಕಾಣಿಸತೊಡಗುತ್ತದೆ. ನಾನು ಆಫೀಸಿನಲ್ಲಿ ಟೈಪಿಸ್ಟ್, ಹತ್ತು ಗಂಟೆಯೊಳಗೆ ಹೊರಡಬೇಕು. ಒಂದು ಬೆಳಿಗ್ಗೆ ಅವಸರದಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಇವರು ತಮ್ಮ ಕೆಲಸದ ಪೆಟ್ಟಿಗೆಯಿಂದ ಅಳತೆಯ ಕ್ಯಾಲಿಪರ್ ತಂದು, ಬೆಂದ ಚಪಾತಿಯೊಂದನ್ನು ಎತ್ತಿ ಹಿಡಿದು ನೋಡಿ, "ಈ ಕಡೆ ಎರಡೂವರೆ ಮಿಲ್ಲಿ ಇದೆ, ಆ ಕಡೆ ಎರಡೇ ಇದೆ ಮಾರಾಯ್ತಿ" ಎಂದರು.

ಇವರನ್ನು ಹೇಗಾದರೂ ಮಾಡಿ ಕೆಲಸಕ್ಕೆ ಕಳಿಸಲೇಬೇಕೆಂದು ನಾನು ಲಟ್ಟಣಿಗೆ ಹಿಡಿದುಕೊಂಡೇ ತೀರ್ಮಾನ ಮಾಡಿದೆ.

ಭದ್ರಾವತಿಯ ಗಾಡಿ

ದಾರಿ ತೋರಿಸಿದ್ದು ಇವರ ವರ್ಕ್‌ಶಾಪಿನವರೇ. ಕೈಯಲ್ಲೇ ಗೇರ್ ಹಾಕುವ ಸ್ಕೂಟರ್ ತಗೊಳ್ಳುವುದು, ಅದರ ಎಡಗಡೆಗೆ ಒಂಟಿ ಚಕ್ರದ ಡಬ್ಬಿ ಜೋಡಿಸುವುದು. ಡಬ್ಬಿಯಲ್ಲಿ ಒಬ್ಬರು ಕೂರಬಹುದು, ಗಾಡಿ ತಾನಾಗಿ ನಿಲ್ಲುತ್ತದೆ, ಕಾಲು ಊರಬೇಕಾಗಿಲ್ಲ. ನನಗೆ ಒಳಗೊಳಗೇ ಹೆದರಿಕೆ. ಒಂದು ಸಲ ಬಿದ್ದವರು, ಅದೂ ನನ್ನ ಮಾತು ಕೇಳಿ. ಇನ್ನೊಂದು ಸಲ ಬಿದ್ದರೆ ನಾನು ತಡೆದುಕೊಳ್ಳುವವಳಲ್ಲ. ಅದಕ್ಕೇ, ಅಂಥ ಗಾಡಿ ಇಟ್ಟುಕೊಂಡವರನ್ನು ಕಂಡು ವಿಚಾರಿಸಿಯೇ ಮುಂದಿನ ಮಾತು ಎಂದೆ.

ಭದ್ರಾವತಿಯಲ್ಲಿ ನಿವೃತ್ತರೊಬ್ಬರು ಸಿಕ್ಕಿದರು. ಗಾಡಿ ಹೊರಗೆ ತಂದು, ಒರೆಸಿ, ಅರ್ಧ ಗಂಟೆ ವರ್ಣಿಸಿದರು. ತಮ್ಮ ಹೆಂಡತಿಗೆ ಬಸ್ಸಿನ ನೂಕುನುಗ್ಗಲು ಆಗುವುದಿಲ್ಲವಂತೆ, ಅವರಿಗೋಸ್ಕರವೇ ಇದನ್ನು ಮಾಡಿಸಿದ್ದಂತೆ, ಹನ್ನೆರಡು ವರ್ಷದಿಂದ ಒಂದೂ ತೊಂದರೆ ಇಲ್ಲವಂತೆ. ನಮ್ಮನೆಯವರ ಕಣ್ಣು ಆಗಲೇ ಹೊಳೆಯುತ್ತಿತ್ತು.

ಗಂಡಸರ ಮಾತು ಗಂಡಸರಿಗೆ. ನಾನು ಕಾಫಿ ಲೋಟ ಇಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಆ ಹೆಂಗಸನ್ನು ಕೇಳಿದೆ, ಡಬ್ಬಿಯಲ್ಲಿ ಕೂತರೆ ಭಯ ಆಗುವುದಿಲ್ಲವೇ ಎಂದು. ಅವರು ಲೋಟ ತೊಳೆಯುತ್ತಲೇ ಹೇಳಿದರು.

"ಗೊತ್ತಿಲ್ಲಮ್ಮಾ. ಅದರಲ್ಲಿ ಗ್ಯಾಸ್ ಸಿಲಿಂಡರ್ ಬರುತ್ತೆ, ಅಕ್ಕಿ ಮೂಟೆ ಬರುತ್ತೆ. ನಾನು ಬಸ್ಸಲ್ಲೇ ಬರ್ತೀನಿ."

ನಿಂಬೆಹಣ್ಣಿನ ಲೆಕ್ಕ

ಅತ್ತೆಯ ತಕರಾರು ಗಾಡಿಯ ಮೇಲಲ್ಲ, ಮೂರರ ಮೇಲೆ. ಅವರು ತಟ್ಟೆಗೆ ಮೂರು ದೋಸೆ ಹಾಕುವವರಲ್ಲ. ಎರಡು, ಇಲ್ಲದಿದ್ದರೆ ನಾಲ್ಕು. ಒಳ್ಳೆಯ ಕೆಲಸಕ್ಕೆ ಮೂರು ಜನ ಹೊರಟರೆ ಒಬ್ಬರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಹೊಸ ಗಾಡಿಗೆ ಪೂಜೆ ಮಾಡಿ ಚಕ್ರಕ್ಕೊಂದರಂತೆ ನಿಂಬೆಹಣ್ಣು ಇಡಬೇಕಲ್ಲ, ಮೂರು ನಿಂಬೆಹಣ್ಣು ಇಟ್ಟು ಮಗನನ್ನು ರಸ್ತೆಗೆ ಬಿಡುವುದು ಹೇಗೆ ಎಂದು ಅವರ ಚಿಂತೆ. ನೀವು ದಿನಾ ಹೋಗುವ ಆಟೋಗೂ ಮೂರೇ ಚಕ್ರ ಅಲ್ವಾ ಅತ್ತೆ ಎಂದೆ. ಆಟೋ ನಮ್ಮದಲ್ಲವಂತೆ, ಅದರ ಕೆಟ್ಟದ್ದೆಲ್ಲ ಆಟೋದವನಿಗೆ ಹೋಗುತ್ತದಂತೆ.

ಕೊನೆಗೆ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಅರ್ಚಕರು ಪೂರ್ತಿ ಕೇಳಿಸಿಕೊಂಡು, "ಗಾಡಿಗೆ ಸ್ಟೆಪ್ನಿ ಇದೆಯೇನಮ್ಮಾ?" ಎಂದರು. ಇದೆ ಎಂದೆ. "ಮತ್ತೆ? ನಾಲ್ಕಾಯ್ತಲ್ಲ."

ಅತ್ತೆಗೆ ಎಷ್ಟು ಸಮಾಧಾನವಾಯಿತೆಂದರೆ ವಾಪಸು ಬರುವಾಗ ದಾರಿಯಲ್ಲೇ ನಾಲ್ಕು ನಿಂಬೆಹಣ್ಣು ಕೊಂಡರು. ಮನೆ ಹತ್ತಿರ ಬಂದಾಗ ಮಾತ್ರ ನನ್ನ ಸೆರಗು ಹಿಡಿದು ನಿಲ್ಲಿಸಿ, ಸ್ಟೆಪ್ನಿಯನ್ನು ಪಂಕ್ಚರ್ ಹಾಕಲು ಕೊಟ್ಟ ದಿನ ಮಗನಿಗೆ ರಜೆ ಹಾಕಿಸಬೇಕೆಂದು ಹೇಳಿದರು.

ಐವತ್ತೈದು ಕೆಜಿ

ಡಬ್ಬಿ ಜೋಡಿಸುವ ಮೇಸ್ತ್ರಿಯ ಶೆಡ್ಡು ಮಾಚೇನಹಳ್ಳಿಯಲ್ಲೇ ಇತ್ತು. ಗಾಡಿ ಓಡಿಸಿ ನೋಡುವುದು, ನನಗೆ ಧೈರ್ಯ ಬಂದರೆ ಮಾತ್ರ ತಗೊಳ್ಳುವುದು ಎಂದು ಮೊದಲೇ ಮಾತಾಗಿತ್ತು. ದೀಪಾವಳಿಗೆ ಹದಿನೈದು ದಿನ ಉಳಿದಿತ್ತು. ವಿಷಯ ತಿಳಿದು ನಮ್ಮನೆಯವರ ಜೊತೆ ಕೆಲಸ ಮಾಡುವ ಐದಾರು ಜನ ಊಟದ ಬಿಡುವಿನಲ್ಲಿ ಬಂದು ನಿಂತಿದ್ದರು.

ಡಬ್ಬಿಯಲ್ಲಿ ಕೂರುವವರ ತೂಕ ನೋಡಿಕೊಂಡೇ ಡಬ್ಬಿಯನ್ನು ಸ್ಕೂಟರಿಗೆ ಜೋಡಿಸುವ ಕಂಬಿಗಳನ್ನು ಬಿಗಿಯಬೇಕಂತೆ, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದಂತೆ. ಕೂರುವವಳು ನಾನು. ಇವರು ಒಬ್ಬರೇ ಹೋಗುವಾಗ ನನ್ನ ಬದಲಿಗೆ ಅಷ್ಟೇ ತೂಕದ ಮರಳಿನ ಚೀಲ. ಮೇಸ್ತ್ರಿ ಸೀಮೆಸುಣ್ಣ ಹಿಡಿದು, ಅಷ್ಟು ಜನರ ಎದುರಿಗೇ, "ಅಮ್ಮಾವ್ರ ತೂಕ ಎಷ್ಟು?" ಎಂದು ಕೇಳಿದ.

ಐವತ್ತೈದು ಎಂದೆ.

ಐವತ್ತೈದು ಕೆಜಿ ಮರಳು ತೂಗಿ ಡಬ್ಬಿಯಲ್ಲಿಟ್ಟು ಬಿಗಿದರು. ನಮ್ಮನೆಯವರು ಹತ್ತಿ ಓಡಿಸಿದರು. ಗಾಡಿ ದಾರ ಹಿಡಿದಂತೆ ನೇರವಾಗಿ ಹೋಯಿತು, ನೇರವಾಗಿ ಬಂತು. ಆರು ತಿಂಗಳ ಮೇಲೆ ಮೊದಲ ಸಲ ಅವರು ಹಲ್ಲು ಕಾಣುವಂತೆ ನಕ್ಕರು. ನನಗೂ ಹೊಟ್ಟೆ ತಣ್ಣಗಾಯಿತು. ಮರಳು ಇಳಿಸಿ ನನ್ನನ್ನು ಕೂರಿಸಿದರು. ಹತ್ತು ಮಾರು ಹೋಗುವುದರೊಳಗೆ ಗಾಡಿ ಎಡಕ್ಕೆ ಎಳೆದುಕೊಂಡು ಹೋಗಿ ಚರಂಡಿಯ ಅಂಚಿಗೆ ನಿಂತಿತು. ಮತ್ತೊಮ್ಮೆ ಹೋದೆವು, ಮತ್ತೆ ಚರಂಡಿ. ಮೇಸ್ತ್ರಿ ಗಾಳಿ ನೋಡಿದ, ಬೋಲ್ಟು ನೋಡಿದ, ಬೇರಿಂಗ್ ತಟ್ಟಿ ನೋಡಿದ. ಮೂರನೆಯ ಸಲವೂ ಅದೇ ಚರಂಡಿ.

ಕೆಳಗಿಳಿದವಳೇ, ಈ ಗಾಡಿ ಬೇಡ ಎಂದುಬಿಟ್ಟೆ. ಮೇಸ್ತ್ರಿಯ ಮುಖ ಬಾಡಿತು. ಇಪ್ಪತ್ತು ವರ್ಷದ ಅನುಭವದಲ್ಲಿ ಹೀಗಾದದ್ದಿಲ್ಲ ಸಾರ್, ಲೆಕ್ಕ ಸರಿಯಾಗಿಯೇ ಇದೆ ಎಂದು ನಮ್ಮನೆಯವರ ಮುಖ ನೋಡಿದ.

ನಮ್ಮನೆಯವರು ಕೋಲು ಊರಿಕೊಂಡು ನಿಧಾನವಾಗಿ ಇಳಿದರು. ಕೂದಲೆಳೆಯಷ್ಟು ತಪ್ಪನ್ನು ಕಣ್ಣಲ್ಲೇ ಹಿಡಿಯುವ ಮನುಷ್ಯ. ಕಾರಣ ಅವರಿಗೆ ಮೊದಲನೆಯ ಸಲವೇ ಗೊತ್ತಾಗಿತ್ತು ಎಂದು ಅವರು ನನ್ನ ಕಡೆ ನೋಡದೇ ಇದ್ದುದರಲ್ಲೇ ನನಗೆ ತಿಳಿಯಿತು. ಆದರೂ, "ಗಾಡೀಲೇ ಏನೋ ತಪ್ಪಿರಬೇಕು ಮೇಸ್ತ್ರಿ, ಬಿಡಿ. ಅವಳಿಗೆ ಬೇಡ ಅಂದ್ರೆ ಬೇಡ" ಎಂದು ಹೋಗಿ ಕಲ್ಲಿನ ಮೇಲೆ ಕೂತರು. ಕೆಲಸ ಹೋದರೂ ಸರಿ, ಅಷ್ಟು ಜನರ ಎದುರು ನನ್ನ ಮರ್ಯಾದೆ ಹೋಗಬಾರದೆಂದು ಕೂತಿದ್ದರು. ನನಗೆ ನಾಚಿಕೆಯಾಯಿತು. ಸಂಕಟವೂ ಆಯಿತು.

ಮೇಸ್ತ್ರಿಯನ್ನು ಶೆಡ್ಡಿನ ಹಿಂದಕ್ಕೆ ಕರೆದೆ. ಐವತ್ತೈದು ನನ್ನ ಮದುವೆ ಕಾಲದ ತೂಕ ಎಂದೆ. ಈಗೆಷ್ಟು ಎಂದು ಕೇಳಿದ. ಎಪ್ಪತ್ತೆರಡು ಎಂದು ಪಿಸುಗುಟ್ಟಿದೆ. ಒಳ್ಳೆಯ ಮನುಷ್ಯ, ನಗಲಿಲ್ಲ. ಅಲ್ಲಿಂದಲೇ ಶೆಡ್ಡಿನ ಮುಂಭಾಗಕ್ಕೆ ಕೇಳುವಂತೆ ಕೂಗಿ ಹೇಳಿದ: "ಏ, ಅಮ್ಮಾವ್ರಿಗೆ ಇನ್ನೂ ಹದಿನೇಳು ಕೆಜಿ ಮರಳು ಹಾಕ್ರಪ್ಪಾ."

ಚೀಲಕ್ಕೆ ಮರಳು ಸೇರಿಸಿ ಡಬ್ಬಿಯಲ್ಲಿಟ್ಟರು, ಕಂಬಿ ಮತ್ತೆ ಬಿಗಿದು ಚೀಲ ಇಳಿಸಿದರು. ನಾನು ಯಾರ ಮುಖವನ್ನೂ ನೋಡದೆ ಡಬ್ಬಿಯಲ್ಲಿ ಕೂತೆ. ಈ ಸಲ ಚರಂಡಿಯನ್ನು ದಾಟಿ ಮುಂದಕ್ಕೆ ಹೋದೆವು. ತಗೊಳ್ಳೋಣ ಎಂದೆ. ಅದೇ ಗಾಡಿಯಲ್ಲಿ ಶಿವಮೊಗ್ಗದ ಕಡೆ ಹೊರಟೆವು.

ಒಂದು ಮೈಲಿ ದಾಟಿದೆವು. ಆಮೇಲೆ ನಮ್ಮನೆಯವರು ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ಇನ್ನೂ ಒಂಚೂರು ಎಡಕ್ಕೆ ಎಳೀತಿದೆ. ನಿಜ ಎಷ್ಟು?" ಎಂದರು.

"ಎಪ್ಪತ್ತಾರು ಕಣ್ರೀ."

ಹ್ಯಾಂಡಲನ್ನು ಬಲಗಡೆಗೆ ಸ್ವಲ್ಪ ಒತ್ತಿ ಹಿಡಿದರು.

"ಇರಲಿ ಬಿಡು ಮಾರಾಯ್ತಿ. ಆ ನಾಲ್ಕು ಕೆಜಿ ನಾನು ಕೈಯಲ್ಲೇ ಹಿಡ್ಕೊಳ್ತೀನಿ."