ರಾಕ್ಷಸನ ಗುಹೆಯಿಂದ ಪಂಢರಿಯ ಬಿಡುಗಡೆ

ಪಂಢರಿ ರಾಕ್ಷಸನ ಸೆರೆಗೆ ಬಿದ್ದದ್ದು ಮಕ್ಸೂದನ ಮೆದು ಮನಸ್ಸಿನಿಂದ.

ಬೀದರಿನ ಮೈಲೂರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಮಕ್ಸೂದ ಪುಣೆಯಿಂದ ಒಂದು ಆಟ ಕಲಿತು ಬಂದಿದ್ದ. ಒಬ್ಬ ಕತೆ ಹೇಳಬೇಕು. ಉಳಿದವರು ಆ ಕತೆಯೊಳಗಿನ ವೀರರಾಗಿ, ತಾವೇನು ಮಾಡುತ್ತೇವೆಂದು ಹೇಳಿ, ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಸಂಖ್ಯೆ ಬಿದ್ದರೆ ಗೆಲುವು, ಸಣ್ಣದು ಬಿದ್ದರೆ ಫಜೀತಿ. ಆ ಆಟದಲ್ಲಿ ಕತೆ ಹೇಳುವವನು ಮಕ್ಸೂದ; ಚಿಂತಾಕಿ ಹಳ್ಳಿಯ ಪಂಢರಿ ‘ಸಿಡಿಲಸಿಂಹ’ ಎಂಬ ಖಡ್ಗವೀರ. ಅವನು ಕತ್ತಿ ಎತ್ತಿದರೆ ಬೆಟ್ಟಗಳೇ ದಾರಿ ಬಿಟ್ಟು ಬದಿಗೆ ನಿಲ್ಲುತ್ತಿದ್ದವು.

ಅಷ್ಟರಲ್ಲಿ ಮಳೆ ಕೈಕೊಟ್ಟಿತು. ಆಟದ ಗೆಳೆಯರು ಒಬ್ಬೊಬ್ಬರಾಗಿ ಪುಣೆ, ಮುಂಬಯಿ ಎಂದು ಬಸ್ಸು ಹತ್ತಿದರು. ಪಂಢರಿ ಹೈದರಾಬಾದಿಗೆ ಕೆಲಸಕ್ಕೆ ಹೋದ. ಆಡುವವನೇ ಇಲ್ಲದ ಮೇಲೆ ಅವನ ವೀರನನ್ನು ಕತೆಯಲ್ಲಿ ಸಾಯಿಸಿಬಿಡಬೇಕಿತ್ತು. ಮಕ್ಸೂದನಿಗೆ ಮನಸ್ಸಾಗಲಿಲ್ಲ. ಸಿಡಿಲಸಿಂಹನನ್ನು ಒಬ್ಬ ರಾಕ್ಷಸನ ಗುಹೆಯಲ್ಲಿ ಸರಪಳಿ ಹಾಕಿ ಕೂಡಿಸಿಟ್ಟ.

ಅಂದಿನಿಂದ ಪಂಢರಿಗೆ ತಿಂದ ಅನ್ನ ಮೈಗೆ ಹತ್ತಲಿಲ್ಲ. ಫೋನು ಮಾಡಿದಾಗಲೆಲ್ಲ ಒಂದೇ ಮಾತು: “ಯಪ್ಪಾ, ನನ್ನ ಬಿಡಸೋ!”

“ಬಿಡಸಲಾಕ ಮಂದಿ ಎಲ್ಲಿ ಅದಾರೋ? ಓಣಿಗೆ ಓಣೀನೇ ಖಾಲಿ ಆಗ್ಯಾದ!”

ಕೊನೆಗೊಂದು ಭಾನುವಾರ ಪಂಢರಿಗೆ ರಜೆ ಸಿಕ್ಕಿತು. ಊರಿಗೆ ಹೋಗಿ ಅವ್ವನ ಮುಖ ನೋಡಿಕೊಂಡು, ಸಂಜೆಯ ಹೈದರಾಬಾದ್ ಬಸ್ಸಿನವರೆಗೆ ಸಮಯವಿದೆಯೆಂದು ನೆಟ್ಟಗೆ ಮಕ್ಸೂದನ ಮನೆಗೆ ಬಂದ. ಕಣ್ಣಲ್ಲಿ ಯುದ್ಧದ ಕಳೆ.

ಅವನನ್ನು ಬಿಡಿಸಬೇಕಾದ ವೀರರ ಪಡೆ ಮನೆಮುಂದಿನ ಕಟ್ಟೆಯ ಮೇಲೆ ಕುಳಿತಿತ್ತು. ಒಬ್ಬರು ಮಕ್ಸೂದನ ಅಮ್ಮಿ ರಹೀಮುನ್ನಿಸಾ. ಇನ್ನೊಬ್ಬರು ಪಕ್ಕದ ಮನೆಯ ಶಾಲುಬಾಯಿ. ಮೂರನೆಯವರು ಬಸ್ ಕಂಡಕ್ಟರರಾಗಿ ನಿವೃತ್ತರಾದ ಉಸ್ಮಾನ ಮಿಯಾ. ಮೂವರೂ ಖಾಲಿ ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ನೀರಿನ ಟ್ಯಾಂಕರಿನ ದಾರಿ ಕಾಯುತ್ತಿದ್ದವರು. ಹೇಗೂ ಸುಮ್ಮನೆ ಕೂತಿದ್ದೀರಲ್ಲ ಎಂದು ಮಕ್ಸೂದ ಅವರನ್ನೇ ಆಟಕ್ಕೆ ಒಳಗೆ ಕರೆತಂದ.

“ಕಾಕು, ನೀವು ಬಿಲ್ಲುಗಾರ್ತಿ. ಚಾಚಾ, ನೀವು ಮಂತ್ರವಾದಿ. ಅಮ್ಮಿ, ನೀನು ಗದಾಧಾರಿ,” ಎಂದ ಮಕ್ಸೂದ. “ಎದುರಿಗೆ ಗುಹೆ ಅದ. ಬಾಗಿಲಾಗ ರಾಕ್ಷಸ. ಒಳಗ ಪಂಢರಿ. ಏನು ಮಾಡ್ತೀರಿ?”

“ಬಾಣ ಬಿಡ್ರಿ ಕಾಕು!” ಪಂಢರಿ ಚಾಪೆಯ ಮೇಲೆ ಮೊಣಕಾಲೂರಿ ಕೂಗಿದ.

“ಏ, ಗುರ್ತಿಲ್ಲ ಪರಿಚಯ ಇಲ್ಲ, ಬಂದಕೂಡ್ಲೆ ಬಾಣ ಬಿಡೂದೇನು?” ಶಾಲುಬಾಯಿ ಸೆರಗು ಸರಿಮಾಡಿಕೊಂಡರು. “ಯಣ್ಣಾ ರಾಕ್ಷಸ, ನಿಮ್ಮೂರು ಯಾವುದೋ? ಮದುವಿ ಆಗ್ಯಾದೇನು?”

ಮಕ್ಸೂದ ತಬ್ಬಿಬ್ಬಾದ. ರಾಕ್ಷಸನಿಗೆ ಊರು ಯಾವುದೆಂದು ಅವನು ಯೋಚಿಸಿರಲೇ ಇಲ್ಲ. “ಭಾಲ್ಕಿ ಕಡೀದು... ಮದುವಿ ಆಗಿಲ್ಲ,” ಎಂದು ತೊದಲಿದ.

“ಭಾಲ್ಕಿ! ನಮ್ಮ ತವರೂರು!” ಶಾಲುಬಾಯಿ ದಾಳ ಎಸೆದರು. ಹತ್ತೊಂಬತ್ತು ಬಿತ್ತು. ರಾಕ್ಷಸ ಕರಗಿ ತುಪ್ಪವಾಗಿ, ಎಲ್ಲರನ್ನೂ ಒಳಗೆ ಕರೆದ.

ಒಳಗೆ ಬಂದ ರಹೀಮುನ್ನಿಸಾ ಸರಪಳಿಯ ಕಡೆ ನೋಡಲೇ ಇಲ್ಲ. “ಈ ಹುಡುಗಗ ಊಟಕ್ಕ ಏನು ಕೊಡ್ತಾನ?”

“ಜೋಳದ ರೊಟ್ಟಿ, ಪುಂಡಿ ಪಲ್ಯ.”

“ನೀರು?”

“ಗುಹೆದಾಗ ಒಂದು ಝರಿ ಅದ ಅಮ್ಮಿ. ತಣ್ಣಗಿನ ನೀರು. ಹಗಲೂ ರಾತ್ರಿ ಹರೀತದ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಹಗಲೂ ರಾತ್ರಿ?” ಉಸ್ಮಾನ ಮಿಯಾ ಪಿಸುಗುಟ್ಟಿದರು. “ಹಂಗಿದ್ರ ಈತನ್ನ ಯಾಕ ಬಿಡಸಬೇಕು? ನಮ್ಮನ್ನೂ ಕಟ್ಟಿ ಹಾಕು ಅಂತ ಹೇಳ್ರಿ!”

“ಚಾಚಾ, ನೀವು ನನ್ನ ಬಿಡಸಲಾಕ ಬಂದವರ್ರಿ!” ಪಂಢರಿಯ ದನಿ ಒಡೆಯಿತು.

“ನೀ ಸುಮ್ಮನಿರಪಾ. ದಿನಾ ಜಳಕ ಮಾಡಿ ಮ್ಯಾಲೆ ಕಿರಿಕಿರಿ ಬ್ಯಾರೆ!” ಎಂದರು ಶಾಲುಬಾಯಿ.

ಮೂವರೂ ರಾಕ್ಷಸನ ಮುಂದೆ ಕೈ ಚಾಚಿ ಸರಪಳಿ ಹಾಕಿಸಿಕೊಂಡರು. ಅಷ್ಟಕ್ಕೇ ಮುಗಿಯಲಿಲ್ಲ. ಶಾಲುಬಾಯಿ ಚಿದ್ರಿಯಲ್ಲಿದ್ದ ತಂಗಿಯ ಸಂಸಾರವನ್ನೂ ಸೆರೆಗೆ ಕರೆಸಿದರು. ಉಸ್ಮಾನ ಮಿಯಾ ಗುಹೆಯ ಬಾಯಲ್ಲಿ ನಿಂತು, “ಒಳಗ ಸರೀರಿ, ಒಳಗ ಸರೀರಿ, ಇನ್ನಾ ಜಾಗ ಅದ!” ಎಂದು ಕೂಗಿ ಮಂದಿಯನ್ನು ತುಂಬತೊಡಗಿದರು.

ಇವರನ್ನು ನಂಬಿ ಕೂತರೆ ಕೆಟ್ಟೆ ಎಂದು ಪಂಢರಿ ತಾನೇ ಸರಪಳಿ ಹರಿಯಲು ದಾಳ ಉರುಳಿಸಿದ. ಒಂದು ಬಿತ್ತು. ಇದ್ದ ಸರಪಳಿಯಲ್ಲಿ ಸಿಡಿಲಸಿಂಹನ ಗಡ್ಡವೂ ಸಿಕ್ಕಿಹಾಕಿಕೊಂಡಿತು ಎಂದ ಮಕ್ಸೂದ.

ಅದೇ ಹೊತ್ತಿಗೆ ಹೊರಗೆ ಟ್ಯಾಂಕರಿನ ಹಾರ್ನು! ಕೈದಿಗಳೆಲ್ಲ ಸರಪಳಿ ಸಮೇತ ಎದ್ದು ಓಡಿದರು. ಪಂಢರಿ ಗಡಿಯಾರ ನೋಡಿ ಎದೆ ಬಡಿದುಕೊಂಡ. ಅವರು ಬೇಗ ಮರಳಲೆಂದು ತಾನೂ ಪೈಪಿನ ಗದ್ದಲಕ್ಕೆ ಹಾರಿ, ಮೂರೂ ಮನೆಯ ಕೊಡಗಳನ್ನು ತುಂಬಿ, ಹೊತ್ತು, ಒಳಗಿಟ್ಟ. ಯಾರದೋ ಮೊಳಕೈ ತಗುಲಿ ಕಿವಿ ಕೆಂಪಾಯಿತು. ಒಂದು ಚಪ್ಪಲಿ ಕೆಸರಲ್ಲಿ ಉಳಿಯಿತು. ಒಳಗೆ ಬಂದಾಗ ಅವನು ಹಿಂಡದೆ ತಂತಿಗೆ ಹಾಕಿದ ಧೋತರದಂತೆ ತೊಟ್ಟಿಕ್ಕುತ್ತಿದ್ದ.

“ಈಗರ ನನ್ನ ಬಿಡಸ್ರಿ, ನಿಮ್ಮ ಕಾಲು ಬೀಳ್ತೇನಿ! ಬಸ್ಸಿನ ಟೈಮ್ ಆಗ್ಲಕತ್ತದ!”

ರಹೀಮುನ್ನಿಸಾರಿಗೆ ಕನಿಕರ ಹುಟ್ಟಿತು. “ಆ ರಾಕ್ಷಸ ಈಗ ಏನು ಮಾಡ್ಲಕತ್ತಾನ?”

ಮಕ್ಸೂದ ನಿಟ್ಟುಸಿರು ಬಿಟ್ಟ. “ಏನು ಮಾಡ್ತಾನ ಅಮ್ಮಿ? ಇಷ್ಟು ಮಂದಿಗೆ ರೊಟ್ಟಿ ಬಡದು ಬಡದು ಕೈ ಹೋಗ್ಯಾವ. ಕೀಲಿಕೈ ಒಗದು, ಗಂಟು ಕಟ್ಟಿಕೊಂಡು ದುಡೀಲಾಕ ಪುಣೆಗೆ ಹೊಂಟಾನ.”

ಪಂಢರಿ ಛಾವಣಿಗೆ ತಲೆ ತಗಲುವಂತೆ ಜಿಗಿದ. ಬಿಡುಗಡೆ! ಮಕ್ಸೂದನನ್ನು ಅಪ್ಪಿ ಅವನ ಅಂಗಿಯನ್ನೂ ತೋಯಿಸಿದ. “ತಾ, ನನ್ನ ಖಡ್ಗ ತಾ! ಎಲ್ಲಿ ಬೆಟ್ಟ? ಎಲ್ಲಿ ಯುದ್ಧ?”

“ತಡಿಯಪಾ,” ಶಾಲುಬಾಯಿ ಕೈ ಅಡ್ಡ ಹಿಡಿದರು. “ರಾಕ್ಷಸ ಹೋದ. ಇನ್ನ ಝರಿಗೆ ದಿಕ್ಕು ಯಾರು? ಮಂದಿ ಕೊಡ ತಗೊಂಡು ಮುಗೀಬೀಳ್ತಾರ. ಬಾಗಿಲಾಗ ಯಾರರ ಒಬ್ರು ಕೂಡಬೇಕು.”

“ಗುಹೆ ಗೊತ್ತಿದ್ದಂವ ಬೇಕು,” ಎಂದರು ಉಸ್ಮಾನ ಮಿಯಾ.

“ಗಟ್ಟಿಮುಟ್ಟಾಗಿ ಇರಬೇಕು,” ಎಂದರು ರಹೀಮುನ್ನಿಸಾ.

ಮೂವರೂ ಒಟ್ಟಿಗೆ ಪಂಢರಿಯ ಕಡೆ ತಿರುಗಿದರು. ಅವನು ಬೇಡವೆಂದು ಬಾಯಿ ತೆರೆಯುವಷ್ಟರಲ್ಲಿ ಮೂರು ಕೈ ಮೇಲೆದ್ದಿದ್ದವು. ಖಡ್ಗದ ಬದಲು ಸಿಡಿಲಸಿಂಹನ ಕೈಗೆ ಒಂದು ಬಡಿಗೆ, ಒಂದು ಸೀಟಿ ಬಂದವು.

ಪಂಢರಿ ಚಾಪೆಯ ಮೇಲೆ ಕುಸಿದು ಕುಳಿತ. ಉಸ್ಮಾನ ಮಿಯಾ ಪ್ರೀತಿಯಿಂದ ಬೆನ್ನು ತಟ್ಟಿದರು. “ಯಾಕ ಬೇಟಾ, ಮುಖ ಸಣ್ಣ ಮಾಡ್ದಿ? ಈ ಕೆಲಸ ಬರೂದಿಲ್ಲೇನು?”

“ಬರ್ತದ್ರಿ ಚಾಚಾ,” ಅವನ ದನಿ ಕೊಡದ ತಳದಿಂದ ಬಂದಂತಿತ್ತು. “ಹೈದರಾಬಾದಿನಾಗ ಅದೇ ಮಾಡ್ತೇನಿ. ಒಂದು ಅಪಾರ್ಟ್‌ಮೆಂಟಿನಾಗ ನೀರಿನ ಟಾಕಿ ಕಾಯೂದು.”

ಶಾಲುಬಾಯಿಯ ಮುಖ ಅರಳಿ ಮೊರದಗಲವಾಯಿತು.

“ಅಯ್ಯ, ಮದಲೇ ಹೇಳಬಾರದೇನೋ! ಮಕ್ಸೂದ, ರಾತ್ರಿ ಪಾಳೀನೂ ಈತನಿಗೇ ಹಚ್ಚಿಬಿಡಪಾ!”